ಹಳೆಯ ಐಫೋನ್‌ನಲ್ಲಿ ಮಾತ್ರ ಬಿಳಿ ಪುಟ: ನಾನು ಬಗ್ ಹಿಡಿದ ಬಗೆ

ಮುಂಬೈಯ ಕನ್ನಡ ಸಂಘವೊಂದರ ಯಕ್ಷಗಾನ ಟಿಕೆಟ್ ಬುಕಿಂಗ್ ಪುಟ ಆಂಡ್ರಾಯ್ಡ್‌ನಲ್ಲಿ, ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಸರಿಯಾಗಿ ತೆರೆಯುತ್ತಿತ್ತು. ಕೆಲವು ಐಫೋನ್‌ಗಳಲ್ಲಿ ಮಾತ್ರ ಬರೀ ಬಿಳಿ. ಬಂದ ದೂರು: “ಸಫಾರಿ ಬಿಟ್ಟು ಕ್ರೋಮ್‌ನಲ್ಲೂ ನೋಡಿದೆ ಮಾರಾಯ್ರೆ, ಅಲ್ಲೂ ಏನೂ ಬರುವುದಿಲ್ಲ.” ಹಾಗಾದರೆ ಸರ್ವರ್‌ದೇ ತೊಂದರೆ ಎಂದು ಆ ಕಡೆ ಹೊರಟರೆ ದಾರಿ ತಪ್ಪುತ್ತದೆ. ನಮ್ಮ ದೇಶದ ಐಫೋನ್‌ಗಳಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎಲ್ಲದರ ಒಳಗೂ ಓಡುವುದು ಆಪಲ್‌ನ ವೆಬ್‌ಕಿಟ್ ಎಂಜಿನ್ನೇ (ಪುಟದ ಕೋಡ್ ಓದಿ ಪರದೆಗೆ ತರುವ ಭಾಗ). ಕೇಳಬೇಕಾದದ್ದು ಬ್ರೌಸರ್‌ನ ಹೆಸರಲ್ಲ, ಐಓಎಸ್ ಆವೃತ್ತಿ: ಸೆಟ್ಟಿಂಗ್ಸ್, ಜನರಲ್, ಅಬೌಟ್. ಎಲ್ಲರದ್ದೂ 15. ಐಫೋನ್ 6ಎಸ್, 7 ಮತ್ತು ಮೊದಲ ಎಸ್‌ಇಗೆ ಐಓಎಸ್ 16 ಬರಲೇ ಇಲ್ಲ. ಮಕ್ಕಳು ಹೊಸ ಫೋನ್ ಕೊಂಡಾಗ ಹಳೆಯದು ಅಪ್ಪ-ಅಮ್ಮನ ಕೈಗೆ ಹೋಗುತ್ತದಲ್ಲ, ಯಕ್ಷಗಾನಕ್ಕೆ ಬರುವವರೂ ಅವರೇ.

ಪುಟವನ್ನು ಫೋನ್‌ನಲ್ಲಿದ್ದಂತೆ ತೋರಿಸುವ ಕ್ರೋಮ್‌ನ ಡಿವೈಸ್ ಮೋಡ್‌ನಲ್ಲಿ ಐಫೋನ್ ಆರಿಸಿ ನೋಡುವುದು ವ್ಯರ್ಥ. ಅದು ಪರದೆಯ ಅಳತೆ, ಯೂಸರ್ ಏಜೆಂಟ್ (ಬ್ರೌಸರ್ ತಾನು ಯಾರೆಂದು ಹೇಳಿಕೊಳ್ಳುವ ಸಾಲು) ಇಂಥವನ್ನು ಬದಲಿಸುತ್ತದೆಯೇ ಹೊರತು ಎಂಜಿನ್ ಅನ್ನಲ್ಲ. ಐಓಎಸ್ 15ರ ಫೋನೇ ಬೇಕು. ಲ್ಯಾಮಿಂಗ್ಟನ್ ರೋಡ್ ಕಡೆ ಸೆಕೆಂಡ್‌ಹ್ಯಾಂಡ್ ಐಫೋನ್ 7 ಹುಡುಕಬಹುದು, ಇಲ್ಲವೇ ಮ್ಯಾಕ್‌ನಲ್ಲಿ ಓಡುವ ಎಕ್ಸ್‌ಕೋಡ್ ಸಿಮ್ಯುಲೇಟರ್, ಅದೂ ಐಓಎಸ್ 15ರದ್ದೇ. ಫೋನ್‌ನಲ್ಲಿ ಸೆಟ್ಟಿಂಗ್ಸ್, ಸಫಾರಿ, ಅಡ್ವಾನ್ಸ್ಡ್‌ಗೆ ಹೋಗಿ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ, ಕೇಬಲ್‌ನಿಂದ ಮ್ಯಾಕ್‌ಗೆ ಜೋಡಿಸಿದರೆ ಮ್ಯಾಕ್ ಸಫಾರಿಯ ಡೆವಲಪ್ ಮೆನುವಿನಲ್ಲಿ ಫೋನ್ ಕಾಣಿಸುತ್ತದೆ. ಮ್ಯಾಕ್ ಇಲ್ಲವೇ? ಮುಖ್ಯ ಬಂಡಲ್‌ಗಿಂತ (ಪುಟದ ಜಾವಾಸ್ಕ್ರಿಪ್ಟನ್ನೆಲ್ಲ ಕಟ್ಟಿದ ಫೈಲ್) ಮೊದಲು, ಬೇರೆಯೇ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ, ಎರರ್ ಸಂದೇಶವನ್ನು ಪುಟದ ಮೇಲೇ ಬರೆಯುವ ನಾಲ್ಕು ಸಾಲಿನ ವಿಂಡೋ ಆನ್‌ಎರರ್ ಹಾಕಿ. ಬಂಡಲ್ ಸಿಡಿಎನ್‌ನಿಂದ (ಫೈಲ್ ಹಂಚುವ ಬೇರೆ ಸರ್ವರ್) ಬರುತ್ತಿದ್ದರೆ ಅದರ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಕ್ರಾಸ್‌ಆರಿಜಿನ್ ಆಟ್ರಿಬ್ಯೂಟ್, ಆ ಸರ್ವರ್‌ನಿಂದ ಸಿಓಆರ್‌ಎಸ್ ಹೆಡರ್ (ಬೇರೆ ತಾಣಕ್ಕೆ ಕೊಡುವ ಅನುಮತಿ) ಎರಡೂ ಬೇಕು. ಇಲ್ಲದಿದ್ದರೆ ‘ಸ್ಕ್ರಿಪ್ಟ್ ಎರರ್’ ಅನ್ನುವುದಷ್ಟೇ ಸಿಗುತ್ತದೆ.

ಸಿಕ್ಕಿದ್ದು ‘ಇನ್‌ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್’. ಅಂದರೆ ಯಾವುದೋ ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಗ್ರೂಪಿಗೆ ಇಟ್ಟ ಹೆಸರು ತಪ್ಪಂತೆ. ಆದರೆ ಹೆಸರಿಟ್ಟ ಗ್ರೂಪ್ ಕೋಡ್‌ನಲ್ಲಿ ಎಲ್ಲೂ ಇಲ್ಲ. ತಕರಾರು ಇದ್ದದ್ದು ಬೆಲೆಯ ಅಂಕಿ ಎತ್ತಿಕೊಳ್ಳುವ ಈ ರೆಜೆಕ್ಸ್‌ನಲ್ಲಿ: `(?<=₹)[0-9]+`. ಇದು ಲುಕ್‌ಬಿಹೈಂಡ್ (ಅಂಕಿಯ ಹಿಂದೆ ₹ ಇದೆಯೇ ಎಂದು ನೋಡುವುದು), ಸಫಾರಿಗೆ ಬಂದದ್ದು 16.4ರಲ್ಲಿ, 2023ರ ಮಾರ್ಚ್‌ನಲ್ಲಿ. ಹಳೆಯ ಎಂಜಿನ್ `(?<` ನೋಡಿದ ಕೂಡಲೇ ಮುಂದೆ ಹೆಸರು ಬರುತ್ತದೆಂದು ಕಾಯುತ್ತದೆ, `=` ಕಂಡು ಕೈಚೆಲ್ಲುತ್ತದೆ. ರೆಜೆಕ್ಸ್ ಲಿಟರಲ್‌ಗಳನ್ನು (ಕೋಡ್‌ನಲ್ಲಿ ನೇರವಾಗಿ ಬರೆದ ರೆಜೆಕ್ಸ್) ಫೈಲ್ ಪಾರ್ಸ್ ಮಾಡುವಾಗಲೇ, ಅಂದರೆ ಓಡಿಸುವ ಮೊದಲು ಓದುವಾಗಲೇ, ಪರೀಕ್ಷಿಸುವುದರಿಂದ ಒಂದು ಸಾಲಿಗಾಗಿ ಇಡೀ ಬಂಡಲ್ ಬಿದ್ದುಹೋಗುತ್ತದೆ. ಅದೇ ಫೈಲ್‌ನಲ್ಲಿ ಎರರ್ ಹಿಡಿಯಲು ಇಟ್ಟ ಟ್ರೈ-ಕ್ಯಾಚ್‌ನಿಂದ ಏನೂ ಪ್ರಯೋಜನವಿಲ್ಲ, ಅದು ಓಡುವುದೇ ಇಲ್ಲ.

ಪರಿಹಾರ ಸಣ್ಣದು: `₹([0-9]+)` ಎಂದು ಬರೆದು ಮೊದಲ ಗ್ರೂಪ್ (ಆವರಣದೊಳಗಿನ ಭಾಗ) ತೆಗೆದುಕೊಳ್ಳುವುದು. ಹೊಸ ಕೋಡನ್ನು ಹಳೆಯ ಬ್ರೌಸರ್‌ಗಳಿಗೆ ಹೊಂದಿಸುವ ಬೇಬಲ್ ಕೂಡ ಲುಕ್‌ಬಿಹೈಂಡ್ ಅನ್ನು ಹಳೆಯ ರೂಪಕ್ಕೆ ಇಳಿಸುವುದಿಲ್ಲ. ಟಾರ್ಗೆಟ್ ಸಫಾರಿ 15 ಎಂದು ಕೊಟ್ಟರೆ ಬಂಡಲ್ ಕಟ್ಟುವ ಇಎಸ್‌ಬಿಲ್ಡ್ ಲಿಟರಲ್ ಅನ್ನು ರೆಗ್‌ಎಕ್ಸ್‌ಪಿ ಕನ್‌ಸ್ಟ್ರಕ್ಟರ್ ಕರೆಯಾಗಿ (ಓಡುವಾಗ ರೆಜೆಕ್ಸ್ ಕಟ್ಟುವ ಸಾಲು) ಬದಲಿಸುತ್ತದೆ. ಆಗ ಪಾರ್ಸ್ ಆಗುತ್ತದೆ, ಆದರೆ ಆ ಸಾಲು ಓಡುವಾಗ ಎರರ್ ಬಂದೇ ಬರುತ್ತದೆ. ಸಾಲು ಮಾಡ್ಯೂಲ್‌ನ ಮೇಲ್ಭಾಗದಲ್ಲಿದ್ದರೆ ಮತ್ತೆ ಬಿಳಿ ಪುಟವೇ.

ಪುಟ ತೆರೆದ ಮೇಲೆ ಅದರ ಹಿಂದೆ ಅಡಗಿದ್ದ ಎರಡನೆಯದು ಹೊರಬಿತ್ತು: ಪ್ರದರ್ಶನದ ಸಮಯದ ಜಾಗದಲ್ಲಿ ‘ಇನ್‌ವ್ಯಾಲಿಡ್ ಡೇಟ್’. ಡೇಟಾಬೇಸ್‌ನಿಂದ ಬರುವುದು “2024-12-15 18:30:00”. ನಡುವಿನ ಖಾಲಿ ಜಾಗವನ್ನು ಕ್ರೋಮ್ ಸಹಿಸುತ್ತದೆ, ಹಳೆಯ ಸಫಾರಿ ಸಹಿಸುವುದಿಲ್ಲ. ಅಲ್ಲಿ ‘ಟಿ’ ಅಕ್ಷರ ಇಡಬೇಕು. ಹಾಗೆಂದು ಎಲ್ಲೋ ನೋಡಿದ ನೆನಪಿನಲ್ಲಿ ಕೊನೆಗೆ ‘ಝಡ್’ ಕೂಡ ಅಂಟಿಸಿದರೆ ಅದು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಆಗಿ, ಭಾನುವಾರ ಸಂಜೆ ಆರೂವರೆಯ ಆಟ ಸೋಮವಾರ 00:00 ಗಂಟೆಗೆ ಎಂದು ಕಾಣಿಸುತ್ತದೆ. ಬಯಲಾಟದವರಿಗೆ ಅನುಮಾನವೇ ಬರಲಿಕ್ಕಿಲ್ಲ! ಕೊನೆಗೆ `+05:30` ಹಾಕಿ. ದುಬೈನಲ್ಲಿ ಕೂತ ಮಗ ಬುಕ್ ಮಾಡಿದರೂ ಕ್ಷಣ ಅದೇ ಇರುತ್ತದೆ. ತೋರಿಸುವಾಗ ಮಾತ್ರ ಟೈಮ್‌ಜೋನ್ ಏಷ್ಯಾ/ಕೋಲ್ಕತ್ತಾ ಎಂದು ನಿಗದಿ ಮಾಡಬೇಕು, ಇಲ್ಲವಾದರೆ ಅವನಿಗೆ ಸಂಜೆ ಐದು ಎಂದು ಕಾಣುತ್ತದೆ.

ನಮ್ಮ ಕೋಡ್ ಶುದ್ಧವಾಗಿದ್ದರೂ ಯಾವುದೋ ಲೈಬ್ರರಿ ಲುಕ್‌ಬಿಹೈಂಡ್ ತರಬಹುದು. ಆದ್ದರಿಂದ ಹುಡುಕಬೇಕಾದದ್ದು ಮೂಲ ಫೋಲ್ಡರ್‌ನಲ್ಲಲ್ಲ, ಬಿಲ್ಡ್ ಆದ ಬಂಡಲ್‌ನಲ್ಲಿ: `(?<=` ಮತ್ತು `(?<!` ಎರಡನ್ನೂ (ಎರಡನೆಯದು ‘ಹಿಂದೆ ಇದು ಇರಬಾರದು’ ಎನ್ನುವ ಲುಕ್‌ಬಿಹೈಂಡ್). ಬರೀ `(?<` ಹುಡುಕಿದರೆ ಐಓಎಸ್ 15ರಲ್ಲಿ ಸಲೀಸಾಗಿ ಓಡುವ ಹೆಸರಿಟ್ಟ ಗ್ರೂಪ್‌ಗಳೂ ಬಂದು ರಾಶಿ ಬೀಳುತ್ತವೆ. ಈ ಹುಡುಕಾಟವನ್ನು ಬಿಲ್ಡ್‌ನ ಕೊನೆಯ ಹಂತವಾಗಿ ಸೇರಿಸಿ, ಸಿಕ್ಕರೆ ಬಿಲ್ಡ್ ಫೇಲ್ ಆಗುವಂತೆ ಮಾಡಿದ್ದೇನೆ.