ಮಗಳ ಸೀಟಿಗಾಗಿ ಇಟ್ಟ ಲೆಕ್ಕದ ಪುಸ್ತಕ

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ತಿಂಗಳಿಗೆ ಕೈಗೆ ಬರುವುದು 26 ಸಾವಿರ ರೂಪಾಯಿ. 2024ರಲ್ಲಿ ಮಗಳನ್ನು ಎಂಜಿನಿಯರಿಂಗ್ ಪದವಿಗೆ ಸೇರಿಸುವ ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು, ಅದರಲ್ಲಿ ಪ್ರತಿಯೊಂದು ಕಾಲೇಜಿನ ಶುಲ್ಕ, ಓಡಾಟದ ಖರ್ಚು, ಬರಬಹುದಾದ ವಿದ್ಯಾರ್ಥಿವೇತನ, ಕೊನೆಯ ದಿನಾಂಕ ಎಲ್ಲವನ್ನೂ ಬರೆದಿಟ್ಟೆ. ನಮ್ಮ ಬೀದಿಯಲ್ಲಿ ಈಗ ಪಿಯುಸಿ ಓದುತ್ತಿರುವ ಮಕ್ಕಳ ತಂದೆತಾಯಿಗಳು ಆ ಪುಸ್ತಕವನ್ನು ಕೇಳಿ ಪಡೆಯುತ್ತಿದ್ದಾರೆ. ಅದರಲ್ಲಿ ಇರುವುದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ, ಸಿಇಟಿ ರ್‍ಯಾಂಕ್ ಇನ್ನೂ ಪ್ರಕಟವಾಗದಿದ್ದಾಗ, ಒಂದು ಖಾಸಗಿ ಕಾಲೇಜಿನವರು ಸೀಟು ಕಾಯ್ದಿರಿಸಬೇಕಾದರೆ ತಕ್ಷಣ ಹಣ ಕಟ್ಟಬೇಕು, ವಾರ ಕಳೆದರೆ ಆ ವಿಭಾಗವೇ ಸಿಗುವುದಿಲ್ಲ ಎಂದರು. ಹೆದರಿಕೊಂಡು 25 ಸಾವಿರ ರೂಪಾಯಿ ಕಟ್ಟಿ ಬಂದೆ. ಆ ಹಣ ಮತ್ತೆ ನಮ್ಮ ಕೈಗೆ ಬರಲಿಲ್ಲ. ನನ್ನ ಪುಸ್ತಕದ ಮೊದಲನೆಯ ಪುಟದಲ್ಲಿ ಇರುವುದು ಆ ರಸೀದಿಯೇ. ಸರ್ಕಾರಿ ಸೀಟಿಗೆ ಕಾಯುವವರಿಗೆ ಮೇ ಮತ್ತು ಜೂನ್ ಅತ್ಯಂತ ಕಷ್ಟದ ತಿಂಗಳುಗಳು, ಏಕೆಂದರೆ ಅಕ್ಕಪಕ್ಕದವರೆಲ್ಲ ಸೀಟು ಹಿಡಿದಾಯಿತು ಎನ್ನುತ್ತಿರುವಾಗ ನಾವು ಬರಿಗೈಯಲ್ಲಿ ಕುಳಿತಿರಬೇಕಾಗುತ್ತದೆ. ಆದರೂ ಕಾಯಬೇಕು.

ಆ ನಂತರ ನಾನು ಕುಳಿತು ಲೆಕ್ಕ ಹಾಕಿದೆ. 2024–25ರ ಸಾಲಿಗೆ ಖಾಸಗಿ ಅನುದಾನರಹಿತ ಕಾಲೇಜುಗಳಲ್ಲಿ ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾದ ಸೀಟಿಗೆ ಎರಡು ಹಂತದ ಶುಲ್ಕವಿತ್ತು: 76,135 ರೂಪಾಯಿ ಮತ್ತು 84,596 ರೂಪಾಯಿ. ಅದರ ಮೇಲೆ ವಿಶ್ವವಿದ್ಯಾಲಯದ ಶುಲ್ಕ ಸೇರಿದರೆ ಮೊತ್ತ ವರ್ಷಕ್ಕೆ ಲಕ್ಷದ ಸಮೀಪಕ್ಕೆ ಹೋಗುತ್ತದೆ. ಅದೇ ಕಾಲೇಜಿನ ಅದೇ ಬೆಂಚಿಗೆ, ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌ಕೆ ಪ್ರವೇಶ ಪರೀಕ್ಷೆಯ ಮೂಲಕ ಬಂದರೆ 1,86,111 ಅಥವಾ 2,61,477 ರೂಪಾಯಿ. ಸರ್ಕಾರಿ ಕಾಲೇಜಿನಲ್ಲಾದರೆ ವರ್ಷಕ್ಕೆ 40 ಸಾವಿರದಿಂದ 50 ಸಾವಿರದ ಆಸುಪಾಸು. ಇವನ್ನು ನಾಲ್ಕರಿಂದ ಗುಣಿಸಿ ಬರೆದಾಗ ಮನೆಯವರೆಲ್ಲರಿಗೂ ವಿಷಯ ಅರ್ಥವಾಯಿತು: ಸರ್ಕಾರಿ ಕಾಲೇಜಿನಲ್ಲಿ 2 ಲಕ್ಷದೊಳಗೆ ಮುಗಿಯುವ ಪದವಿ, ಕಾಮೆಡ್‌ಕೆಯ ಹೆಚ್ಚಿನ ದರದಲ್ಲಿ 10 ಲಕ್ಷವನ್ನು ದಾಟುತ್ತದೆ. ಒಂದು ವರ್ಷದ ಶುಲ್ಕವನ್ನು ಮಾತ್ರ ನೋಡಿ ಹೇಗೋ ಹೊಂದಿಸೋಣ ಎಂದು ಹೊರಡುವವರು ಎರಡನೆಯ ವರ್ಷದಲ್ಲಿ ಚಿನ್ನ ಅಡವಿಡುವುದನ್ನು ನಾನು ನಮ್ಮ ಬಂಧುಗಳಲ್ಲೇ ಕಂಡಿದ್ದೇನೆ.

ನಮ್ಮ ಮಗಳು ಒಂದರಿಂದ ಹತ್ತನೆಯ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಓದಿದವಳು. ಪಿಯುಸಿಗೆ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡಾಗ ಮೊದಲ ಆರು ತಿಂಗಳು ಅವಳು ಪಟ್ಟ ಪಾಡು ನನಗೆ ಗೊತ್ತು. ಭೌತಶಾಸ್ತ್ರದ ಪುಸ್ತಕವನ್ನು ಒಂದೊಂದು ಸಾಲಾಗಿ ನಿಘಂಟು ನೋಡಿಕೊಂಡು ಓದುತ್ತಿದ್ದಳು. ಆದರೆ ಆ ಹತ್ತು ವರ್ಷದ ಕನ್ನಡ ಮಾಧ್ಯಮವೇ ಮುಂದೆ ಅವಳನ್ನು ಕೈಹಿಡಿದು ನಡೆಸಿತು. ಸಿಇಟಿ ಸೀಟು ಹಂಚಿಕೆಯಲ್ಲಿ ಪ್ರತಿಯೊಂದು ವರ್ಗದೊಳಗೂ ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮತ್ತು ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15 ಮೀಸಲಾತಿ ಇದೆ. ನಾವು ಬೆಂಗಳೂರಿನವರಾದ್ದರಿಂದ ಗ್ರಾಮೀಣ ಮೀಸಲಾತಿ ನಮಗೆ ಇರಲಿಲ್ಲ. ಕನ್ನಡ ಮಾಧ್ಯಮದ್ದು ಇತ್ತು. ಹಿಂದುಳಿದ ವರ್ಗಗಳ ಪೈಕಿ 2ಎಗೆ ಸೇರಿದ ನಮ್ಮ ಮಗಳು ಪಟ್ಟಿಯಲ್ಲಿ 2ಎಕೆ, ಅಂದರೆ 2ಎ ವರ್ಗದ ಕನ್ನಡ ಮಾಧ್ಯಮದವರ ಗುಂಪಿನಲ್ಲಿಯೂ ಪರಿಗಣನೆಗೆ ಬಂದಳು. ಇದನ್ನು ತಿಳಿಯದೆ ಅರ್ಜಿಯಲ್ಲಿ ಆ ಕಾಲಂ ತುಂಬದೆ ಬಿಟ್ಟವರ ಬಗ್ಗೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆ ಮೀಸಲಾತಿಯನ್ನು ಪಡೆಯಲು ಹತ್ತೂ ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಅವಳು ಏಳನೆಯ ತರಗತಿಯವರೆಗೆ ಒಂದು ಶಾಲೆ, ಆಮೇಲೆ ಇನ್ನೊಂದು ಶಾಲೆ. ಮೊದಲನೆಯ ಶಾಲೆಯವರು ಕೊಟ್ಟ ಪತ್ರದಲ್ಲಿ ನಾಲ್ಕನೆಯ ತರಗತಿಯ ವರ್ಷವೇ ಬಿಟ್ಟುಹೋಗಿತ್ತು. ಒಂಬತ್ತು ವರ್ಷಕ್ಕೆ ಮೀಸಲಾತಿ ಇಲ್ಲ. ಬೇಸಿಗೆ ರಜೆ, ಶಾಲೆಗೆ ಬೀಗ, ಹಳೆಯ ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮೂರು ಸಲ ಅಲೆದ ಮೇಲೆ ದಾಖಲಾತಿ ಪುಸ್ತಕದಿಂದ ನೋಡಿ ಸರಿಪಡಿಸಿದ ಪತ್ರ ಕೈಗೆ ಬಂತು. ಹತ್ತನೆಯ ತರಗತಿ ಮುಗಿದು ವರ್ಗಾವಣೆ ಪತ್ರ ತರಲು ಹೋಗುವ ದಿನವೇ ಈ ಪ್ರಮಾಣಪತ್ರವನ್ನೂ ಬರೆಸಿಕೊಂಡು, ಅಲ್ಲಿಯೇ ನಿಂತು ಇಸವಿಗಳನ್ನು ಒಂದೊಂದಾಗಿ ಎಣಿಸಿಕೊಳ್ಳಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿದ್ದೆವು. ಅದರಲ್ಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿದಾಗ ವಿವರಗಳು ತಾವಾಗಿಯೇ ತಾಳೆಯಾಗುತ್ತವೆ. ಆದರೆ ಮಗುವಿನ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇನಿಷಿಯಲ್ ಸಮೇತ ಇರಬೇಕು.

ಆ ವರ್ಷ ಸಿಇಟಿ ಪರೀಕ್ಷೆ ಏಪ್ರಿಲ್ 18 ಮತ್ತು 19ರಂದು ನಡೆಯಿತು. ಪಠ್ಯಕ್ರಮದಿಂದ ಕೈಬಿಟ್ಟ ಪಾಠಗಳಿಂದ ಪ್ರಶ್ನೆಗಳು ಬಂದು, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಆ ದಿನಗಳಲ್ಲಿ ಮಕ್ಕಳು ಪಟ್ಟ ಆತಂಕ ಸಣ್ಣದಲ್ಲ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಸಿಇಟಿ ಅಂಕದ ಅರ್ಧ ಮತ್ತು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳ ಅರ್ಧ ಸೇರುತ್ತದೆ. ಮಗಳಿಗೆ ಬಂದದ್ದು ಐದಂಕಿಯ ರ್‍ಯಾಂಕ್. ಪಿಯುಸಿ ಅಂಕಗಳು ಚೆನ್ನಾಗಿದ್ದುದರಿಂದಲೇ ಅಷ್ಟಕ್ಕೆ ನಿಂತಿತು ಎಂದು ನಾನು ತಿಳಿದಿದ್ದೇನೆ.

ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಕ್ರಮವಾಗಿ ಬರೆಯುವ ಆಯ್ಕೆಪಟ್ಟಿ ತುಂಬುವ ಕೆಲಸಕ್ಕೆ ನಾವು ಮೂರು ಸಂಜೆ ಕಳೆದೆವು. ಪ್ರತಿ ಸಾಲಿನ ಮುಂದೆ ನಾಲ್ಕು ವರ್ಷದ ಮೊತ್ತ ಬರೆದು, ಆಮೇಲೆ ಕ್ರಮ ನಿರ್ಧರಿಸಿದೆವು. ಮೊದಲ ಸ್ಥಾನಗಳಲ್ಲಿ ಕೆ.ಆರ್. ಸರ್ಕಲ್‌ನ ಎರಡು ಕಾಲೇಜುಗಳು. ಒಂದು, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾದ ಯುವಿಸಿಇ, ಅಂದರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು. ಬಹುಕಾಲ ಬೆಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಇದು ಈಗ 2021ರ ಕಾಯ್ದೆಯ ಪ್ರಕಾರ ಸ್ವಾಯತ್ತ ಸಂಸ್ಥೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ್ದಲ್ಲ. ಇನ್ನೊಂದು, ಜವಳಿ ತಂತ್ರಜ್ಞಾನಕ್ಕೆ ಹೆಸರಾದ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ. ಇದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಎಂಬುದು ನಗರದಲ್ಲಿಯೇ ಎಷ್ಟೋ ಜನರಿಗೆ ಗೊತ್ತಿಲ್ಲ. ಅವುಗಳ ಕೆಳಗೆ ಅನುದಾನಿತ ಸೀಟುಗಳು. ಬಿಎಂಎಸ್‌ನಂಥ ಹಳೆಯ ಕಾಲೇಜುಗಳಲ್ಲಿ ಕೆಲವು ವಿಭಾಗಗಳು ಸರ್ಕಾರದ ಅನುದಾನದಲ್ಲಿ ನಡೆಯುತ್ತವೆ, ಅನುದಾನಿತ ಮತ್ತು ಅನುದಾನರಹಿತ ಸೀಟುಗಳಿಗೆ ಬೇರೆ ಬೇರೆ ಸಂಕೇತಗಳಿರುತ್ತವೆ. ಕಾಲೇಜಿನ ಹೆಸರಷ್ಟೇ ನೋಡಿ ಆರಿಸಿದರೆ ಶುಲ್ಕದಲ್ಲಿ ಮೋಸಹೋಗುತ್ತೇವೆ. ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನೂ ಸೇರಿಸಿದೆವು. ಖಾಸಗಿ ಕಾಲೇಜುಗಳು ಅದಾದ ಮೇಲೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವವರಿಗೆ ಬೋಧನಾ ಶುಲ್ಕ ಮನ್ನಾ ಆಗುವ ಎಸ್‌ಎನ್‌ಕ್ಯು ಸೀಟುಗಳಿಗೂ ಕೋರಿಕೆ ಸಲ್ಲಿಸಿದೆವು, ಆದರೆ ಅವು ಪ್ರವೇಶ ಮಿತಿಯ ಶೇಕಡಾ 5ರಷ್ಟು ಮಾತ್ರ. ನಮ್ಮ ರ್‍ಯಾಂಕ್‌ಗೆ ಬರಲಿಲ್ಲ.

ಮಗಳಿಗೆ ಕಂಪ್ಯೂಟರ್ ಸೈನ್ಸ್ ಬೇಕೆಂಬ ಆಸೆ ಇತ್ತು. ಮೊದಲ ಸುತ್ತಿನಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಅದೇ ವಿಭಾಗ ಸಿಕ್ಕಿತು ಕೂಡ. ಆ ಕಾಲೇಜನ್ನು ನೋಡಲು ಹೋದಾಗ, ನಿಗದಿಯಾದ ಶುಲ್ಕದ ಜೊತೆಗೆ ತರಬೇತಿಯ ಹೆಸರಿನಲ್ಲಿ ಇನ್ನಷ್ಟು ಹಣ ಕೇಳಿದರು. ಮನೆಗೆ ಬಂದು ಪುಸ್ತಕ ತೆರೆದೆವು. ಆ ರಾತ್ರಿ ಅವಳು ತಾನಾಗಿಯೇ, ‘ಅಪ್ಪಾ, ಎಲೆಕ್ಟ್ರಿಕಲ್ ಆದರೂ ಪರವಾಗಿಲ್ಲ, ಯುವಿಸಿಇಗೆ ಕಾಯೋಣ’ ಎಂದಳು. ನಾನು ಅವಳ ಮೇಲೆ ಒತ್ತಾಯ ಹೇರಿದೆನೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹಣದ ಲೆಕ್ಕವನ್ನು ಮಕ್ಕಳ ಮುಂದೆ ಇಡುವುದು ಸರಿಯೆಂದು ನಾನು ಈಗಲೂ ನಂಬುತ್ತೇನೆ, ಆದರೆ ಇಟ್ಟ ಮೇಲೆ ಅವರು ಯೋಚಿಸಲು ಒಂದೆರಡು ದಿನ ಸುಮ್ಮನಿರಬೇಕು.

ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳು ಇರುತ್ತವೆ. ಒಂದನ್ನು ಒತ್ತಿದರೆ ಸೀಟು ಒಪ್ಪಿ ಸೇರಿದಂತೆ; ಎರಡನ್ನು ಒತ್ತಿದರೆ ಸಿಕ್ಕಿದ ಸೀಟನ್ನು ಉಳಿಸಿಕೊಂಡೇ ಮೇಲಿನ ಆಯ್ಕೆಗೆ ಮುಂದಿನ ಸುತ್ತಿನಲ್ಲಿ ಕಾಯಬಹುದು; ಮೂರು ಎಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು; ನಾಲ್ಕು ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ನಾವು ಎರಡನ್ನು ಆರಿಸಿ ಶುಲ್ಕ ಕಟ್ಟಿದೆವು. ಮೇಲಿನ ಸೀಟು ಬಂದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಕೇಳಿದರೆ ಸಿಗುವುದಿಲ್ಲ. ಆದ್ದರಿಂದ ನಿಜವಾಗಿ ಬೇಡವಾದುದನ್ನು ಪಟ್ಟಿಯಲ್ಲಿ ಮೇಲೆ ಉಳಿಸಬಾರದು. ಎರಡನೆಯ ಸುತ್ತಿನಲ್ಲಿ, 2ಎಕೆ ಗುಂಪಿನಲ್ಲಿ, ಯುವಿಸಿಇಯ ಎಲೆಕ್ಟ್ರಿಕಲ್ ವಿಭಾಗ ಸಿಕ್ಕಿತು. ಆ ಬಿಟ್ಟುಹೋದ ನಾಲ್ಕನೆಯ ತರಗತಿಯ ವರ್ಷ ನನಗೆ ಆಗ ನೆನಪಾಯಿತು.

ಇದೂ ಸಿಗದಿದ್ದರೆ ಏನು ಎಂಬುದನ್ನೂ ಬರೆದಿಟ್ಟಿದ್ದೆವು. ಹಿಂದೆ ಸರ್ಕಾರಿ ವಿಜ್ಞಾನ ಕಾಲೇಜಾಗಿದ್ದ ನೃಪತುಂಗ ವಿಶ್ವವಿದ್ಯಾಲಯ, ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ, ಇವೆರಡರಲ್ಲಿ ಬಿಎಸ್‌ಸಿ ನಮ್ಮ ಎರಡನೆಯ ದಾರಿ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇರುವುದರಿಂದ ಖರ್ಚು ಬಹಳ ಕಡಿಮೆ, ಮತ್ತು 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಒಂದು ಕಡೆ ಸೇರಿ ಮೂಲ ದಾಖಲೆಗಳನ್ನು ಒಪ್ಪಿಸಿಬಿಟ್ಟರೆ ಇನ್ನೊಂದು ಕಡೆ ಸೇರುವಾಗ ಅವನ್ನು ವಾಪಸು ಪಡೆಯುವುದೇ ದೊಡ್ಡ ಕೆಲಸವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು, ಮಗುವಿನ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿರಬೇಕು. ಕುಣಿಗಲ್ ತಾಲ್ಲೂಕಿನಲ್ಲಿ ನನ್ನ ಹೆಸರಿನಲ್ಲಿರುವ ಒಂದು ಎಕರೆ ಹೊಲಕ್ಕೆ ರೈತರ ಗುರುತಿನ ಸಂಖ್ಯೆ ಮಾಡಿಸಿದ್ದರಿಂದ, ರೈತರ ಮಕ್ಕಳಿಗೆಂದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಲ್ಲಿ ಪಿಯುಸಿ ಓದುವಾಗಲೇ ಅವಳಿಗೆ 3,000 ರೂಪಾಯಿ ಬಂದಿತ್ತು. ಊರಿನಲ್ಲಿ ಜಮೀನಿದ್ದು ನಗರದಲ್ಲಿ ದುಡಿಯುವ ನಮ್ಮಂಥವರು ಇದನ್ನು ಕೇಳಿಯೂ ನೋಡುವುದಿಲ್ಲ. ಓಡಾಟದ ಪುಟದಲ್ಲಿ ಮಗಳ ಹೆಸರಿನ ಮುಂದೆ ಸೊನ್ನೆ ಇದೆ. ಶಕ್ತಿ ಯೋಜನೆಯಿಂದ ಬಿಎಂಟಿಸಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಮನೆಯಿಂದಲೇ ಹೋಗಿಬರುವುದರಿಂದ ಹಾಸ್ಟೆಲಿನ ಖರ್ಚೂ ಇಲ್ಲ, ಮತ್ತು ನಾಲ್ಕು ವರ್ಷದಲ್ಲಿ ಅದು ಶುಲ್ಕಕ್ಕಿಂತ ದೊಡ್ಡ ಮೊತ್ತವಾಗುತ್ತಿತ್ತು. ಬೇರೆ ಊರಿನಿಂದ ಬರುವ ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ 2024ರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಸಹಾಯಧನ ಬರುತ್ತಿತ್ತು. ಬೆಂಗಳೂರಿನ ಪಿಜಿ ಬಾಡಿಗೆಯ ಮುಂದೆ ಅದು ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ, ಅದನ್ನು ಹೆಚ್ಚಿಸಲೇಬೇಕು.

ಮಗ ಈಗ ಎಸ್‌ಎಸ್‌ಎಲ್‌ಸಿಯಲ್ಲಿದ್ದಾನೆ. ಅವನಿಗೆ ಪಿಯುಸಿಗಿಂತ ಶೇಷಾದ್ರಿ ರಸ್ತೆಯ ಎಸ್‌ಜೆಪಿ ಪಾಲಿಟೆಕ್ನಿಕ್ ಇಷ್ಟ. ಅಲ್ಲಿ ಮೂರು ವರ್ಷ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅವನ ಹೆಸರು ಬರೆದಿದ್ದೇನೆ. ನಮ್ಮ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಅವನು ಅರ್ಜಿ ಹಾಕುವ ಮೊದಲೇ ಮುಗಿಯುತ್ತದೆಂದು ಗಮನಿಸಿ, ಕಳೆದ ವಾರ ನಾಡಕಚೇರಿಗೆ ಹೋಗಿ ಹೊಸದಕ್ಕೆ ಅರ್ಜಿ ಕೊಟ್ಟು ಬಂದೆ.