ಬೇಸಿಗೆಯಲ್ಲಿ ಹರಿದ ಪೊರೆ, ಮಳೆಗಾಲದಲ್ಲಿ ಕೊಳೆತ ಹುರುಪೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಒಂದು ಹೆಣ್ಣು ಬಾಲ್ ಪೈಥಾನ್ ಇದೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ವಿಷವಿಲ್ಲದ ಹಾವು. ನಮ್ಮ ಕಡೆಯ ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ವಿದೇಶಿ ಹಾವನ್ನೂ 2024ರ ನಿಯಮಗಳ ಅನ್ವಯ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಆ ದಾಖಲೆಯ ಕೆಲಸ ಹೇಗೋ ಮುಗಿಯುತ್ತದೆ. ಹಾವಿನ ಚರ್ಮದ ಹದ ಅರಿಯಲು ಮಾತ್ರ ನನಗೆ ಒಂದು ಬೇಸಿಗೆ, ಒಂದು ಮಳೆಗಾಲ ಬೇಕಾದವು.

ಪೊರೆ ಬಿಡುವ ಮುನ್ನ ಹಾವಿನ ಮೈಬಣ್ಣ ಮಾಸುತ್ತದೆ, ಹೊಟ್ಟೆ ನಸುಗೆಂಪಾಗುತ್ತದೆ, ಕಣ್ಣಿಗೆ ಹಾಲುನೀಲಿ ಮಂಜು ಕವಿಯುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವೇ ದಿನಗಳಿಗೆ ಪೊರೆ ಕಳಚುತ್ತದೆ. ಎಲ್ಲವೂ ಸರಿಯಿದ್ದರೆ ಅದು ಒಳಹೊರಗಾದ ಕಾಲುಚೀಲದಂತೆ ಒಂದೇ ತುಂಡಾಗಿ ಬರಬೇಕು. ಆ ಮಾರ್ಚಿನಲ್ಲಿ ನಮ್ಮ ಹಾವಿನ ಪೊರೆ ಏಳೆಂಟು ಚೂರಾಗಿ ಬಂತು. ಅದುವರೆಗೆ ಪೆಟ್ಟಿಗೆಯ ಗೋಡೆಗೆ ಅಂಟಿಸಿದ್ದ, ಗಾಳಿಯ ತೇವಾಂಶ ಅಳೆಯುವ ಮುಳ್ಳಿನ ಮಾಪಕ ಸದಾ ಶೇಕಡಾ 60 ತೋರಿಸುತ್ತಿತ್ತು; ಅನುಮಾನಗೊಂಡು ತಂದ ಡಿಜಿಟಲ್ ಹೈಗ್ರೋಮೀಟರ್ ತೋರಿಸಿದ್ದು 34. ಈ ಹಾವಿಗೆ ಸಾಧಾರಣ ದಿನಗಳಲ್ಲಿ ಶೇಕಡಾ 55ರಿಂದ 65, ಪೊರೆಯ ಹೊತ್ತಿಗೆ 70ರ ಆಸುಪಾಸು ತೇವಾಂಶ ಬೇಕು.

ಪೊರೆಯ ತಲೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿರುವ ಪಾರದರ್ಶಕ ಹುರುಪೆಯೂ ಪೊರೆಯೊಂದಿಗೇ ಕಳಚಬೇಕು. ನನ್ನ ಕೈಯಲ್ಲಿದ್ದ ಪೊರೆಯಲ್ಲಿ ಒಂದು ಕಡೆ ಗಾಜಿನಂಥ ಪುಟ್ಟ ಬಿಲ್ಲೆಯಿತ್ತು, ಇನ್ನೊಂದು ಕಡೆ ಬರೀ ತೂತು. ಎಂದರೆ ಎಡಗಣ್ಣಿನ ಬಿಲ್ಲೆ ಹಾವಿನ ಮೇಲೆಯೇ ಉಳಿದಿತ್ತು. ಚಿಮುಟದಿಂದ ಅದನ್ನು ಎಳೆಯಲು ಹೋದವರು ಹಾವಿನ ಕಣ್ಣನ್ನೇ ಕಳೆದಿದ್ದಾರೆ, ನಾನು ಮುಟ್ಟಲಿಲ್ಲ. ಒದ್ದೆ ನಾರು ತುಂಬಿದ ಮುಚ್ಚಿದ ಗೂಡೊಂದನ್ನು ಒಳಗಿಟ್ಟೆ, ಮುಂದಿನ ಪೊರೆಯಲ್ಲಿ ಎರಡೂ ಬಿಲ್ಲೆಗಳು ಒಟ್ಟಿಗೇ ಬಂದವು. ಬಾಲದ ತುದಿಯಲ್ಲಿ ಉಳಿದ ಉಂಗುರವನ್ನು ಮಾತ್ರ ಕಾಯಲು ಬಿಡುವಂತಿರಲಿಲ್ಲ, ಏಕೆಂದರೆ ಅದು ಒಣಗಿ ಬಿಗಿದರೆ ರಕ್ತಸಂಚಾರ ನಿಂತು ತುದಿಯೇ ಕಪ್ಪಾಗಿ ಉದುರಬಹುದು. ಗಾಳಿಯಾಡುವ ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಟವೆಲಿನ ನಡುವೆ ಹಾವನ್ನು ಅರ್ಧ ಗಂಟೆ ಬಿಟ್ಟು, ಬಳಿಕ ಒದ್ದೆ ಬಟ್ಟೆಯಲ್ಲಿ ಬಾಲವನ್ನು ಸಡಿಲವಾಗಿ ಹಿಡಿದೆ. ಅದು ತಾನೇ ಮುಂದಕ್ಕೆ ಸರಿದಾಗ ಉಂಗುರ ಬಟ್ಟೆಯಲ್ಲೇ ಉಳಿಯಿತು.

ಆಮೇಲೆ ನಾನು ಮಾಡಿದ್ದು ಅತಿಯಾಯಿತು. ಹಾಸಿಗೆ ತೆಂಗಿನ ನಾರಿನ ಪುಡಿಯದು. ನಮ್ಮ ಕಡೆ ಅದಕ್ಕೇನು ಬರ! ಅದಕ್ಕೆ ದಿನವೂ ನೀರು ಚಿಮುಕಿಸಿದೆ. ಜೂನ್ ಬಂದು ಮಳೆ ಹಿಡಿದ ಮೇಲೂ ಅಭ್ಯಾಸ ಬಿಡಲಿಲ್ಲ. ಜುಲೈಯಲ್ಲಿ ಹೊಟ್ಟೆ ನಸುಗೆಂಪಾಗಿ ಕಂಡಾಗ ಪೊರೆ ಬಿಡುವ ಸೂಚನೆ ಎಂದುಕೊಂಡೆ. ಅಮ್ಮನೇ ದೂರದಿಂದ ನೋಡಿ, ‘ಅಲ್ಲಿ ಕಂದು ಕಲೆ ಇದೆ ನೋಡೋ’ ಎಂದರು. ಮಣ್ಣಿರಬೇಕೆಂದು ಒರೆಸಿದೆ, ಹೋಗಲಿಲ್ಲ. ಪೊರೆಯ ಕೆಂಪು ಹೊಟ್ಟೆಯುದ್ದಕ್ಕೂ ಸಮನಾಗಿ ಹರಡಿರುತ್ತದೆ. ಇದು ಐದಾರು ಹುರುಪೆಗಳ ಅಂಚಿಗೆ ಮಾತ್ರ ಇತ್ತು, ಒಂದರ ಕೆಳಗೆ ಕಡಲೆಕಾಳಿನಷ್ಟು ನೀರುಗುಳ್ಳೆಯೂ ಎದ್ದಿತ್ತು. ಹಾಸಿಗೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು. ಹಾವಿಗೆ ಬೇಕಾದದ್ದು ಗಾಳಿಯಲ್ಲಿ ತೇವ, ಮಲಗುವ ಜಾಗದಲ್ಲಲ್ಲ.

ಹಾವನ್ನು ನೋಡಬಲ್ಲ ಪಶುವೈದ್ಯರನ್ನು ಹುಡುಕಲು ಎರಡು ದಿನ ಹಿಡಿಯಿತು. ಇದು ಬ್ಯಾಕ್ಟೀರಿಯಾದಿಂದ ಆಗುವ ಹುರುಪೆ ಕೊಳೆತ, ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ ಎಂದರು ಅವರು. ಹಾಸಿಗೆಯನ್ನೆಲ್ಲ ತೆಗೆದು ಬಿಳಿ ಕಾಗದ ಹಾಸಿ ದಿನವೂ ಬದಲಿಸಿದೆ. ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ಹೊಟ್ಟೆಯನ್ನು ತೊಳೆದು, ಒಣಗಿಸಿ, ಅವರು ಕೊಟ್ಟ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚಿದೆ. ಅರಿಶಿನ, ಬೇವಿನೆಣ್ಣೆ ಹಚ್ಚು ಎಂದವರು ಹಲವರು. ಬಿರಿದ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಕೊಳೆ ಅಂಟುತ್ತದೆ ಎಂದು ನಾನು ಒಪ್ಪಲಿಲ್ಲ. ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ ಶಾಖ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಮೊದಲೇ ಇದ್ದುದರಿಂದ ಇದು ಸುಟ್ಟ ಗಾಯವಿರಬಹುದೇ ಎಂಬ ಗೊಂದಲ ಇರಲಿಲ್ಲ. ಹೊಟ್ಟೆಯ ಮೇಲೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ.

ಹಾವಿನ ಮೈಗೆ ಹತ್ತುವ ನುಸಿಯ ಕಾಟವನ್ನು ನಾನು ಕಂಡದ್ದು ಮಂಡ್ಯದ ಗೆಳೆಯರೊಬ್ಬರು ಕೊಟ್ಟ ಕಾರ್ನ್ ಸ್ನೇಕ್ ಎಂಬ ಇನ್ನೊಂದು ವಿದೇಶಿ ಹಾವಿನಲ್ಲಿ. ಅದು ಹಗಲಿಡೀ ನೀರಿನ ಬೋಗುಣಿಯಲ್ಲೇ ಸುತ್ತಿಕೊಂಡಿರುತ್ತಿತ್ತು, ತಳದಲ್ಲಿ ಗಸಗಸೆಯಂಥ ಕಪ್ಪು ಚುಕ್ಕಿಗಳು ಬಿದ್ದಿರುತ್ತಿದ್ದವು. ಬೇರೆ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಇಟ್ಟಿದ್ದರಿಂದ ಬೇಗ ಕಣ್ಣಿಗೆ ಬಿತ್ತು, ಪೈಥಾನಿಗೆ ಹರಡಲಿಲ್ಲ. ಈಗ ಹೊಸ ಹಾವು ಬಂದರೆ ಮೂರು ತಿಂಗಳು ಪ್ರತ್ಯೇಕ. ಸೊಳ್ಳೆ, ಜಿರಲೆಗಳಿಗೆ ಹೊಡೆಯುವ ಸ್ಪ್ರೇ ಆ ಕೋಣೆಗೆ ಬರುವಂತಿಲ್ಲ.

ಈಗ ಭಾನುವಾರ ಬೆಳಿಗ್ಗೆ ಹಾವನ್ನು ಕೈಗೆತ್ತಿಕೊಂಡು ಗದ್ದದ ಕೆಳಗಿನ ಗೆರೆ, ಕಣ್ಣಿನ ಸುತ್ತಲಿನ ಸಂದು, ಆಮೇಲೆ ಹೊಟ್ಟೆಯನ್ನು ಗುದದ್ವಾರದವರೆಗೆ ನೋಡುತ್ತೇನೆ. ಆ ಜುಲೈಯ ಬಳಿಕ ಎರಡು ಪೊರೆ ಬಿಟ್ಟ ಮೇಲೆ ಕಂದು ಬಣ್ಣ ಹೋಯಿತು. ಗುಳ್ಳೆ ಎದ್ದಿದ್ದ ಹುರುಪೆಯ ಅಂಚು ಇಂದಿಗೂ ಸೊಟ್ಟಗಿದೆ.