ಹಳೆಯ ಮದರ್‌ಬೋರ್ಡಿನ ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಿಸುವುದು ಹೇಗೆ?

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಇಲ್ಲವೇ ಹೇಗೋ ಶುರುವಾದರೂ ಕೆಲಸದ ನಡುವೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. 2000ರ ದಶಕದ ಮೊದಲ ವರ್ಷಗಳ ಬೋರ್ಡು ಹೀಗೆ ಕಾಡಿದರೆ ನಾನು ಮೊದಲು ನೋಡುವುದು ಪ್ರೊಸೆಸರ್ ಸುತ್ತ ನಿಂತಿರುವ ಕೆಪಾಸಿಟರ್‌ಗಳ, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಸಮವಾಗಿ ಕೊಡುವ ಪುಟ್ಟ ಡಬ್ಬಿಗಳ ತಲೆಯನ್ನು. ಸರಿಯಾಗಿರುವುದರ ತಲೆ ಚಪ್ಪಟೆ. ಕೆಟ್ಟದ್ದು ಉಬ್ಬಿರುತ್ತದೆ, ಕೆಲವೊಮ್ಮೆ ಗೀರಿನ ಮೇಲೆ ಕಂದು ಕರೆ ಒಣಗಿರುತ್ತದೆ. ಆ ಕಾಲದ ಅನೇಕ ಕೆಪಾಸಿಟರ್‌ಗಳ ಎಲೆಕ್ಟ್ರೋಲೈಟ್ (ಒಳಗಿನ ವಿದ್ಯುದ್ವಾಹಕ ದ್ರವ) ಹದ ತಪ್ಪಿತ್ತು. ಅದು ಒಳಗಿನ ಅಲ್ಯೂಮಿನಿಯಂ ಜೊತೆ ವರ್ತಿಸಿ ಹೈಡ್ರೋಜನ್ ಹುಟ್ಟಿಸುತ್ತಿತ್ತು. ತಲೆಯ ಮೇಲೆ ಗೀರು ಹಾಕಿರುವುದೇ ಒತ್ತಡ ಮೀರಿದಾಗ ಅಲ್ಲಿ ಬಿರಿಯಲಿ ಎಂದು.

ಉಬ್ಬಿದ್ದನ್ನಷ್ಟೇ ಬದಲಿಸಿ ಉಳಿದವನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದೇ ತಯಾರಿಕೆಯ, ಅದೇ ಸಾಲಿನ ಎಲ್ಲವನ್ನೂ ತೆಗೆಯಿರಿ. ಚಪ್ಪಟೆಯಾಗಿ ಕಾಣುವುದೂ ಒಳಗೆ ಒಣಗಿರಬಹುದು.

ಹೊಸದನ್ನು ಕೊಳ್ಳುವಾಗ ಮೈಕ್ರೋಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ಇರಲಿ. 6.3 ವೋಲ್ಟಿನ ಜಾಗಕ್ಕೆ 10 ವೋಲ್ಟಿನದು ನಡೆಯುತ್ತದೆ, ಹಿಡಿಸಿದರೆ. 105 ಡಿಗ್ರಿಯ, ಕಡಿಮೆ ಇಎಸ್‌ಆರ್ (ಕೆಪಾಸಿಟರಿನ ಒಳಗಿನ ರೋಧ) ಇರುವುದನ್ನೇ ಕೇಳಿ. ಸಾಮಾನ್ಯ ಬಳಕೆಯದು ಅಂಕಿಗಳಲ್ಲಿ ಹೊಂದಿದರೂ ಇಲ್ಲಿ ಬಾಳುವುದಿಲ್ಲ. ವ್ಯಾಸವನ್ನೂ ಅಳೆಯಿರಿ. 8 ಮಿ.ಮೀ.ನದರ ಕಾಲುಗಳ ಅಂತರ ಸಾಮಾನ್ಯವಾಗಿ 3.5 ಮಿ.ಮೀ., 10 ಮಿ.ಮೀ.ನದರದು 5.

ಬ್ಯಾಟರಿ, ಮೆಮೊರಿ, ಪ್ರೊಸೆಸರ್ ಎಲ್ಲವನ್ನೂ ಕಳಚಿಟ್ಟು ಬೋರ್ಡಿನ ಚಿತ್ರ ತೆಗೆದುಕೊಳ್ಳಿ. ಕೆಪಾಸಿಟರ್ ಮೈಮೇಲಿನ ಪಟ್ಟಿ ಋಣ ತುದಿಯನ್ನು ತೋರಿಸುತ್ತದೆ. ಬೋರ್ಡಿನ ಮೇಲೆ ಬಣ್ಣ ತುಂಬಿದ ಅರ್ಧವೃತ್ತ ಬಹುಪಾಲು ಋಣದ ಕಡೆಗೇ ಇದ್ದರೂ ಕೆಲವು ತಯಾರಕರು ಅದನ್ನು ತಿರುಗಿಸಿ ಮುದ್ರಿಸಿದ್ದಾರೆ. ಹಾಗಾಗಿ ನಾನು ಮುದ್ರಣವನ್ನು ನಂಬುವುದಿಲ್ಲ, ಚಿತ್ರವನ್ನು ನಂಬುತ್ತೇನೆ.

ಇನ್ನು ಕೀಳುವ ಕೆಲಸ. ಒಂದು ಕಾಲಿನ ಬೆಸುಗೆ ಸುಲಭವಾಗಿ ಕರಗುತ್ತದೆ, ಗ್ರೌಂಡಿಗೆ (ಬೋರ್ಡಿನ ಋಣ ಬದಿಯ ಸಾಮಾನ್ಯ ಸಂಪರ್ಕಕ್ಕೆ) ಸೇರಿದ ಇನ್ನೊಂದರದು ಜಪ್ಪಯ್ಯ ಎಂದರೂ ಕರಗುವುದಿಲ್ಲ. ಪದರಗಳ ನಡುವಿನ ತಾಮ್ರದ ಹಾಳೆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಸೂಜಿಮೊನೆಯ ಸಣ್ಣ ಸೋಲ್ಡರಿಂಗ್ ಐರನ್ (ಬೆಸುಗೆ ಕಡ್ಡಿ) ಇಲ್ಲಿ ಕೆಲಸಕ್ಕೆ ಬಾರದು. 60 ವಾಟ್ ಆಸುಪಾಸಿನದು, ಉಳಿಯಂತೆ ಅಗಲ ತುದಿಯದು ಬೇಕು. ಮೊದಲು ಎರಡೂ ಕಾಲುಗಳಿಗೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಅಂಟು) ಹಚ್ಚಿ, ಸ್ವಲ್ಪ ಹೊಸ 63/37 (63 ಪಾಲು ತವರ, 37 ಪಾಲು ಸೀಸ) ಸೋಲ್ಡರ್ ಎಂಬ ಬೆಸುಗೆ ಲೋಹ ಉಣಿಸಿ. ಅದು 183 ಡಿಗ್ರಿಗೇ ಕರಗುವುದರಿಂದ ಹಳೆಯದರೊಂದಿಗೆ ಬೆರೆತು ಅದನ್ನೂ ಸಡಿಲಿಸುತ್ತದೆ. ಈಗ ಒಂದು ಕಾಲನ್ನು ಕಾಯಿಸಿ ಆ ಬದಿಯನ್ನು ತುಸು ಎತ್ತಿ, ಮತ್ತೆ ಇನ್ನೊಂದನ್ನು. ಹೀಗೆ ಓಲಾಡಿಸುತ್ತ ಹೊರತನ್ನಿ. ಬಲ ಹಾಕಿ ಎಳೆದರೆ ತೂತಿನ ಒಳಗೋಡೆಯ ತಾಮ್ರವೂ ಜೊತೆಗೆ ಬರುತ್ತದೆ, ಪದರಗಳ ಸಂಪರ್ಕವೇ ಕಡಿಯುತ್ತದೆ.

ತೂತು ಬಿಡಿಸುವುದು ತಾಳ್ಮೆ ಕೆಡಿಸುವ ಘಟ್ಟ. ಒಂದು ಬದಿಯಿಂದ ಐರನ್ ಒತ್ತಿ ಹಿಡಿದು, ಇನ್ನೊಂದು ಬದಿಯಿಂದ ಸೋಲ್ಡರ್ ಪಂಪಿನಿಂದ ಹೀರಿ. ಆಗದಿದ್ದರೆ ಸೋಲ್ಡರ್ ಕರಗಿರುವಾಗಲೇ ಸ್ಟೇನ್‌ಲೆಸ್ ಸೂಜಿಯನ್ನು ಮೆಲ್ಲಗೆ ತೂರಿಸಿ, ತಿರುಗಿಸುತ್ತ ಆರಲು ಬಿಡಿ. ಸ್ಟೇನ್‌ಲೆಸ್‌ಗೆ ಸೋಲ್ಡರ್ ಸುಲಭವಾಗಿ ಅಂಟುವುದಿಲ್ಲ. ಡ್ರಿಲ್ ಮಾತ್ರ ಬೇಡವೇ ಬೇಡ.

ಹೊಸದನ್ನು ಕೂರಿಸಿ, ಪಟ್ಟಿಯ ದಿಕ್ಕನ್ನು ಚಿತ್ರದೊಂದಿಗೆ ಹೋಲಿಸಿ, ಬೆಸೆದು, ಕಾಲುಗಳನ್ನು ಕತ್ತರಿಸಿ, ಫ್ಲಕ್ಸ್ ಕಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ವಿದ್ಯುತ್ ಕೊಡುವ ಮೊದಲು 5 ಮತ್ತು 12 ವೋಲ್ಟ್ ಪಿನ್‌ಗಳಿಂದ ಗ್ರೌಂಡಿಗೆ ಶಾರ್ಟ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿ. ಮೊದಲ ಸಲ ಆನ್ ಮಾಡುವಾಗ ಮುಖವನ್ನು ದೂರವಿಡಿ. ತಿರುವುಮುರುವಾಗಿ ಕೂತ ಕೆಪಾಸಿಟರ್ ಸಿಡಿಯಬಹುದು.

ಬೋರ್ಡು ಎದ್ದರೆ ಮೆಮೊರಿ ಪರೀಕ್ಷೆಯನ್ನು ಕೆಲವು ಗಂಟೆ ಓಡಿಸಿ. ಆಮೇಲೂ ರೀಸ್ಟಾರ್ಟ್ ಆಗುತ್ತಿದ್ದರೆ ಸಂಶಯ ಪವರ್ ಸಪ್ಲೈ ಮೇಲೆ. ಅದನ್ನು ಇಷ್ಟೇ ಧೈರ್ಯದಿಂದ ಬಿಚ್ಚಬೇಡಿ. ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಚೆನ್ನಾಗಿರುವ ಬೇರೊಂದನ್ನು ಜೋಡಿಸಿ ನೋಡಿ.